ಸೋಮವಾರದ ಮಾರ್ಕೆಟ್‌ನಲ್ಲಿ ನಿಂತುಹೋದ ಪಟ್ಟಿ: ಡೇಟಾಬೇಸ್ ಲಾಕ್ ಹಿಡಿದವರನ್ನು ಹುಡುಕಿದ ಒಂದು ಪ್ರಕರಣ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವ್ಯಾಪಾರದ ದಿನ. ಸೀಸನ್ ಜೋರಿದ್ದಾಗ ಹಾವೇರಿ, ಗದಗ, ಧಾರವಾಡದ ಚೀಲಗಳ ಜೊತೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ಲಾರಿಗಟ್ಟಲೆ ಮಾಲು ಬರುತ್ತದೆ. ಟೆಂಡರ್ ದರ ಬರಬೇಕು, ತೂಕ ಆಗಬೇಕು, ಆಮೇಲೆ ರೈತನ ಕೈಗೆ ಪಟ್ಟಿ, ಅಂದರೆ ಮಾರಿದ ಮಾಲಿನ ಲೆಕ್ಕದ ಚೀಟಿ, ಸಿಗಬೇಕು. ಪಟ್ಟಿ ಸಿಗುವವರೆಗೆ ಅವನು ಊರಿಗೆ ಹೊರಡುವ ಹಾಗಿಲ್ಲ. ದೂರದಿಂದ ಬಂದವನಿಗೆ ಒಂದು ತಾಸು ತಡ ಅಂದರೆ ಎಷ್ಟೋ ಸಲ ಒಂದು ರಾತ್ರಿ ತಡ.

ಅಲ್ಲಿನ ಒಂದು ದಲಾಲಿ ಸಂಸ್ಥೆಗೆ ಹಲವು ಅಂಗಡಿಗಳಿವೆ. ತೂಕ, ರೈತರ ಪಟ್ಟಿ, ಖರೀದಿದಾರರ ಬಿಲ್ಲು, ಹಣ ಪಾವತಿ ಎಲ್ಲವೂ ಒಂದೇ ವೆಬ್ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ. ಸಾಫ್ಟ್‌ವೇರ್ ಬರೆದವರು ಬೇರೆಯವರು. ಅದರ ಡೇಟಾಬೇಸ್, ಅಂದರೆ ಲೆಕ್ಕವೆಲ್ಲ ಕೂಡಿಡುವ ಸಾಫ್ಟ್‌ವೇರ್, ಪೋಸ್ಟ್‌ಗ್ರೆಸ್‌ನ 14ನೇ ಆವೃತ್ತಿ. ಅದನ್ನು ನೋಡಿಕೊಳ್ಳುವ ಕೆಲಸ ಹುಬ್ಬಳ್ಳಿಯಲ್ಲಿರುವ ನಮ್ಮ ಚಿಕ್ಕ ತಂಡಕ್ಕೆ ಬಂದಿದ್ದು ತೊಂದರೆ ಶುರುವಾದ ಮೇಲೆ.

ತೊಂದರೆ ಹೀಗಿತ್ತು. ಮಾರ್ಕೆಟ್ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಎಲ್ಲ ಕೌಂಟರ್‌ಗಳಲ್ಲೂ ಪರದೆ ತಿರುಗುತ್ತಾ ನಿಲ್ಲುತ್ತಿತ್ತು. ಪಟ್ಟಿ ಪ್ರಿಂಟ್ ಆಗುತ್ತಿರಲಿಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತಿತ್ತು. ಮುಂದೆ ಯಾವುದೋ ಒಂದು ಮಾರ್ಕೆಟ್ ದಿನ ಮತ್ತೆ ಅದೇ ಕಥೆ. ಇಂಟರ್ನೆಟ್ ಬದಲಾಯಿಸಿ ನೋಡಿದ್ದರು, ದೊಡ್ಡ ಸರ್ವರ್ ಬಾಡಿಗೆಗೆ ತಗೊಂಡಿದ್ದರು. ಏನೂ ವ್ಯತ್ಯಾಸವಾಗಿರಲಿಲ್ಲ.

ರೀಸ್ಟಾರ್ಟ್‌ನಿಂದ ಸರಿ ಹೋಗುತ್ತದೆ ಅನ್ನುವುದೇ ಈ ಪ್ರಕರಣದ ಮೊದಲ ಸುಳಿವು, ದೊಡ್ಡ ಅಡ್ಡಿಯೂ ಅದೇ. ಡೇಟಾಬೇಸ್ ನಿಂತು ಎದ್ದಾಗ ಅರ್ಧಕ್ಕೆ ಉಳಿದ ಟ್ರಾನ್ಸಾಕ್ಷನ್‌ಗಳೆಲ್ಲ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಅನ್ನುವ ಕೆಲಸದ ಕಂತೆಗಳು) ರದ್ದಾಗುತ್ತವೆ, ಅವು ಹಿಡಿದಿದ್ದ ಲಾಕ್‌ಗಳು (ಒಬ್ಬರು ತಿದ್ದುತ್ತಿರುವುದನ್ನು ಇನ್ನೊಬ್ಬರು ತಿದ್ದದಂತೆ ಹಾಕುವ ತಡೆಗಳು) ಬಿಡುತ್ತವೆ. ಹಾಗೆಯೇ ಯಾರು ಹಿಡಿದಿದ್ದರು ಅನ್ನುವ ಗುರುತೂ ಅಳಿಸಿ ಹೋಗುತ್ತದೆ. ಅದಕ್ಕೇ ನಾವು ಕೇಳಿಕೊಂಡದ್ದು ಒಂದೇ ಮಾತು: ಮುಂದಿನ ಸಲ ನಿಂತಾಗ ರೀಸ್ಟಾರ್ಟ್ ಮಾಡಬೇಡಿ, ಮೊದಲು ನಮಗೆ ಫೋನ್ ಮಾಡಿ. ಅಂಗಡಿ ತುಂಬ ರೈತರು ಕೂತಿರುವಾಗ ಇದಕ್ಕೆ ಒಪ್ಪುವುದು ಸುಲಭವಲ್ಲ. ಮಾಲೀಕರು ಒಪ್ಪಿದರು.

ಮೊದಲು ಕಂಡದ್ದು

ಒಂದು ಸೋಮವಾರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಫೋನ್ ಬಂತು. "ಸಾಹೇಬ್ರ, ಮತ್ತ ನಿಂತೈತ್ರಿ. ತೂಕದ ಕೌಂಟರ್ ಸೈತ ಓಪನ್ ಆಗವಲ್ದು."

ಸರ್ವರ್ ನೋಡಿದರೆ ಸಿಪಿಯು ಹೆಚ್ಚುಕಡಿಮೆ ಖಾಲಿ. ಡಿಸ್ಕ್ ಮೇಲೂ ಭಾರವಿಲ್ಲ. ಕೆಲಸ ಜಾಸ್ತಿಯಾಗಿ ನಿಧಾನವಾದ ಡೇಟಾಬೇಸ್ ಹೀಗೆ ಕಾಣುವುದಿಲ್ಲ. ಯಂತ್ರ ಆರಾಮಾಗಿದೆ, ಜನ ಕಾಯುತ್ತಿದ್ದಾರೆ ಅಂದರೆ ಒಳಗೆ ಯಾರೋ ಇನ್ಯಾರಿಗೋ ಕಾಯುತ್ತಿದ್ದಾರೆ.

ಪೋಸ್ಟ್‌ಗ್ರೆಸ್‌ನಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ ಅಂತ ತೋರಿಸುವುದು ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ಅನ್ನುವ ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ ಒಂದು ನೋಟ. ಅಲ್ಲಿ ಪ್ರತಿ ಸೆಷನ್‌ಗೂ, ಅಂದರೆ ಡೇಟಾಬೇಸ್‌ಗೆ ಬಂದ ಪ್ರತಿ ಕನೆಕ್ಷನ್‌ಗೂ, ಒಂದು ಸಾಲು. ಪಿಐಡಿ (ಆ ಸೆಷನ್‌ನ ಪ್ರೊಸೆಸ್ ನಂಬರ್), ಯೂಸರ್, ಎಲ್ಲಿಂದ ಬಂದಿದ್ದಾರೆ, ಟ್ರಾನ್ಸಾಕ್ಷನ್ ಯಾವಾಗ ಶುರುವಾಯಿತು, ಏನಕ್ಕೆ ಕಾಯುತ್ತಿದ್ದಾರೆ, ಕ್ವೆರಿ (ಡೇಟಾಬೇಸ್‌ಗೆ ಕೊಟ್ಟ ಆದೇಶ) ಏನು ಎಲ್ಲವೂ ಅಲ್ಲಿರುತ್ತವೆ. ನಮ್ಮ ತಂಡದ ಹುಡುಗ ಮೊದಲು ತನ್ನ ಸಾಮಾನ್ಯ ಲಾಗಿನ್‌ನಿಂದ ತೆಗೆದಾಗ ಬೇರೆಯವರ ಕ್ವೆರಿ ಇರಬೇಕಾದ ಕಡೆ 'ಅನುಮತಿ ಸಾಲದು' ಅನ್ನುವ ಸಾಲು ಮಾತ್ರ ಬಂತು. ಬೇರೆಯವರ ಕ್ವೆರಿ ಓದಬೇಕಾದರೆ ಸೂಪರ್‌ಯೂಸರ್ (ಎಲ್ಲ ಅಧಿಕಾರ ಇರುವವನು) ಆಗಿರಬೇಕು, ಇಲ್ಲವೇ ಪಿಜಿ_ಮಾನಿಟರ್ ಥರದ ರೋಲ್, ಅಂದರೆ ಅನುಮತಿಗಳ ಗುಂಪು, ಇರಬೇಕು. ಈ ರೋಲ್ ಅನ್ನು ತೊಂದರೆ ಬರುವ ಮೊದಲೇ ಕೊಟ್ಟಿಡುವುದು ಒಳ್ಳೆಯದು. ಗಲಾಟೆಯ ನಡುವೆ ಪಾಸ್‌ವರ್ಡ್ ಹುಡುಕುತ್ತಾ ಕೂರುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ.

ಸರಿಯಾದ ಲಾಗಿನ್‌ನಿಂದ ನೋಡಿದಾಗ ಅಪ್ಲಿಕೇಶನ್‌ನ ಇಪ್ಪತ್ತು ಕನೆಕ್ಷನ್‌ಗಳಲ್ಲಿ ಹದಿನೆಂಟು ಲಾಕ್‌ಗಾಗಿ ಕಾಯುತ್ತಿದ್ದವು. ತೂಕದ ಕೌಂಟರ್‌ಗೆ ಯಾವ ಲಾಕ್‌ನ ಸಂಬಂಧವೂ ಇರಲಿಲ್ಲ. ಕಾಯುವವರ ಸಾಲುಗಳಲ್ಲಿ ಅದರ ಹೆಸರೇ ಇಲ್ಲ. ಅದು ಕಾಯುತ್ತಿದ್ದದ್ದು ಅಪ್ಲಿಕೇಶನ್ ಒಳಗೆ, ಒಂದು ಖಾಲಿ ಕನೆಕ್ಷನ್‌ಗೆ. ಒಂದು ಕಡೆಯ ಲಾಕ್ ಊರಿಗೆಲ್ಲ ಹಬ್ಬುವುದು ಹೀಗೆ. ಕಾಯುವವರು ಪೂಲ್‌ನ (ಎಲ್ಲ ಕೌಂಟರ್‌ಗಳೂ ಹಂಚಿಕೊಳ್ಳುವ ಗುಂಪಿನ) ಕನೆಕ್ಷನ್‌ಗಳನ್ನೆಲ್ಲ ಹಿಡಿದು ಕೂತರೆ, ಸಂಬಂಧವೇ ಇಲ್ಲದವರೂ ಬಾಗಿಲಲ್ಲಿ ನಿಲ್ಲುತ್ತಾರೆ.

ರಿಪೋರ್ಟ್ ಮೇಲಿನ ಅನುಮಾನ

ಆಕ್ಟಿವಿಟಿ ವ್ಯೂನಲ್ಲಿ ಎದ್ದು ಕಾಣುತ್ತಿದ್ದದ್ದು ಒಂದು ತಿಂಗಳ ರಿಪೋರ್ಟ್. ಬಹಳ ಹೊತ್ತಿನಿಂದ ಓಡುತ್ತಿತ್ತು. ಅಂಗಡಿಯ ಲೆಕ್ಕ ನೋಡುವ ದಿವಾನಜಿಯವರಿಗೆ ಇದು ಗೊತ್ತಾದ ಕೂಡಲೇ, "ಅದನ್ನ ಬಂದ್ ಮಾಡ್ರಿ, ಎಲ್ಲಾ ಅದರಿಂದನ ಆಗೇತಿ" ಅಂದರು. ಬಹಳ ಜನರ ಊಹೆ ಹೀಗೇ ಇರುತ್ತದೆ. ಜಾಸ್ತಿ ಹೊತ್ತು ಓಡುವ ಕ್ವೆರಿಯೇ ಕಳ್ಳ ಅಂತ.

ಪೋಸ್ಟ್‌ಗ್ರೆಸ್‌ನಲ್ಲಿ ಸುಮ್ನೆ ಓದುವ ಸೆಲೆಕ್ಟ್, ಬರೆಯುವ ಅಪ್‌ಡೇಟ್‌ಗೆ ಅಡ್ಡ ಬರುವುದಿಲ್ಲ. ಸಾಲು ಬದಲಾದಾಗ ಹಳೆಯ ಪ್ರತಿಯೂ ಉಳಿದಿರುತ್ತದೆ, ಓದುವವರು ಅದನ್ನು ನೋಡುತ್ತಾರೆ. ಸೆಲೆಕ್ಟ್ ಹಿಡಿಯುವ ಲಾಕ್‌ಗೆ ಜಗಳವಿರುವುದು ಆಲ್ಟರ್ ಟೇಬಲ್, ಡ್ರಾಪ್, ಟ್ರಂಕೇಟ್ ಥರದ ಪೂರ್ತಿ ಟೇಬಲ್ ಹಿಡಿಯುವ ಲಾಕ್ ಜೊತೆ ಮಾತ್ರ. ಆ ಹೊತ್ತಿನಲ್ಲಿ ಅಂಥದ್ದು ಯಾವುದೂ ನಡೆಯುತ್ತಿರಲಿಲ್ಲ. ಆದರೂ ದಿವಾನಜಿಯವರ ಸಮಾಧಾನಕ್ಕೆ ರಿಪೋರ್ಟ್ ನಿಲ್ಲಿಸಿದೆವು. ಹದಿನೆಂಟರಲ್ಲಿ ಒಂದೂ ಅಲುಗಲಿಲ್ಲ.

ಸರಪಳಿಯ ತುದಿ

ಯಾರು ಯಾರಿಗೆ ಅಡ್ಡ ನಿಂತಿದ್ದಾರೆ ಅಂತ ಹೇಳುವ ಫಂಕ್ಷನ್ ಪಿಜಿ_ಬ್ಲಾಕಿಂಗ್_ಪಿಡ್ಸ್. ಇದು 9.6ನೇ ಆವೃತ್ತಿಯಿಂದ ಇದೆ. ಕಾಯುತ್ತಿರುವ ಸೆಷನ್‌ನ ಪಿಐಡಿ ಕೊಟ್ಟರೆ ಅದನ್ನು ತಡೆದವರ ಪಿಐಡಿಗಳು ಬರುತ್ತವೆ. ಇದನ್ನು ಆಕ್ಟಿವಿಟಿ ವ್ಯೂ ಜೊತೆ ಸೇರಿಸಿ ನೋಡಿದರೆ ಒಂದು ಸರಪಳಿ ಸಿಗುತ್ತದೆ.

ಹದಿನೆಂಟರಲ್ಲಿ ಹದಿನೇಳಕ್ಕೆ ಅಡ್ಡ ಇದ್ದವರ ಪಟ್ಟಿಯಲ್ಲಿ 4417 ಅನ್ನುವ ಪಿಐಡಿ ಇತ್ತು. ಹಾಗಾದರೆ 4417 ತಪ್ಪುಗಾರನೇ? ಅಲ್ಲ. ಅದೂ ಕಾಯುತ್ತಿತ್ತು, 4102ಕ್ಕೆ. 4102 ಯಾರಿಗೂ ಕಾಯುತ್ತಿರಲಿಲ್ಲ. ತುದಿ ಸಿಕ್ಕಿತು.

ಈ ಎರಡು ಹಂತ ಯಾಕೆ ಬಂತು ಅನ್ನುವುದು ತಿಳಿದಿರಬೇಕು, ಇಲ್ಲದಿದ್ದರೆ ನಡುವಿನವನನ್ನೇ ಹಿಡಿದು ಹೊರಗೆ ಹಾಕುತ್ತೇವೆ. ಪೋಸ್ಟ್‌ಗ್ರೆಸ್ ಸಾಲಿನ ಮೇಲಿನ ಲಾಕ್ ಅನ್ನು ಮೆಮೊರಿಯ ಲಾಕ್ ಟೇಬಲ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಸಾಲಿನ ಮೇಲೆಯೇ, ಯಾವ ಟ್ರಾನ್ಸಾಕ್ಷನ್ ಅದನ್ನು ಮುಟ್ಟಿದೆ ಅಂತ ಗುರುತು ಹಾಕುತ್ತದೆ. ಎರಡನೆಯವನು ಬಂದಾಗ ಆ ಟ್ರಾನ್ಸಾಕ್ಷನ್ ಮುಗಿಯಲಿ ಅಂತ ಕಾಯುತ್ತಾನೆ. ಹಾಗೆ ಕಾಯುವಾಗ 'ಮುಂದಿನ ಸರದಿ ನಂದು' ಅಂತ ಆ ಸಾಲಿನ ಮೇಲೆ ಒಂದು ಟ್ಯೂಪಲ್ ಲಾಕ್ (ಟ್ಯೂಪಲ್ ಅಂದರೆ ಟೇಬಲ್‌ನ ಒಂದು ಸಾಲು) ಹಿಡಿಯುತ್ತಾನೆ. ಮೂರನೆಯವನಿಂದ ಮುಂದೆ ಎಲ್ಲರೂ ಕಾಯುವುದು ಆ ಟ್ಯೂಪಲ್ ಲಾಕ್‌ಗೆ. ಅದಕ್ಕೇ ವೇಟ್ ಇವೆಂಟ್ ಕಾಲಂನಲ್ಲಿ ಒಬ್ಬನಿಗೆ ಮಾತ್ರ 'ಟ್ರಾನ್ಸಾಕ್ಷನ್‌ಐಡಿ', ಉಳಿದವರಿಗೆಲ್ಲ 'ಟ್ಯೂಪಲ್' ಅಂತ ಕಾಣುತ್ತದೆ. ಸರದಿಯ ಮೊದಲನೆಯವನು ಯಾರು ಅಂತ ಈ ಒಂದು ಕಾಲಂನಿಂದಲೇ ಹೇಳಬಹುದು.

ಟ್ಯೂಪಲ್ ಲಾಕ್‌ನಿಂದ ಇನ್ನೊಂದು ಅನುಕೂಲ ಇದೆ. ಪಿಜಿ_ಲಾಕ್ಸ್ ವ್ಯೂನಲ್ಲಿ ಅದರ ಎದುರಿಗೆ ಟೇಬಲ್, ಪೇಜ್ ನಂಬರ್, ಆ ಪೇಜ್‌ನಲ್ಲಿ ಎಷ್ಟನೇ ಸಾಲು ಎಲ್ಲ ಇರುತ್ತದೆ. ಈ ಎರಡು ನಂಬರ್ ಜೋಡಿಸಿದರೆ ಸಾಲಿನ ವಿಳಾಸ, ಅಂದರೆ ಸಿಟಿಐಡಿ. ಅದನ್ನು ಕೊಟ್ಟು ಖಾತೆಯ ಟೇಬಲ್‌ನಲ್ಲಿ ಸೆಲೆಕ್ಟ್ ಮಾಡಿದೆವು. ಬಂದದ್ದು ಅಂದು ಅತಿ ಹೆಚ್ಚು ಲಾಟ್ (ಒಟ್ಟಿಗೆ ಟೆಂಡರ್‌ಗೆ ಇಡುವ ಮಾಲಿನ ರಾಶಿ) ಹಿಡಿದಿದ್ದ ಒಬ್ಬ ದೊಡ್ಡ ಖರೀದಿದಾರರ ಖಾತೆ. ಒಂದೊಂದು ಲಾಟ್‌ನ ಪಟ್ಟಿ ಮಾಡಿದಾಗಲೂ ಖರೀದಿದಾರರ ಬಾಕಿ ಕೂಡಬೇಕು. ಹಾಗಾಗಿ ಎಲ್ಲ ಅಂಗಡಿಯ ಪಟ್ಟಿ ಕೌಂಟರ್‌ಗಳೂ ಅದೇ ಒಂದು ಸಾಲಿಗೆ ಬಂದು ನಿಂತಿದ್ದವು.

ಕಾಣುವ ಕ್ವೆರಿ, ಕಾಣದ ಕ್ವೆರಿ

4102ರ ಸಾಲಿನಲ್ಲಿ ಸ್ಟೇಟ್ 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತಿದೆ. ಟ್ರಾನ್ಸಾಕ್ಷನ್ ಶುರುವಾದದ್ದು 12 ಗಂಟೆ 17 ನಿಮಿಷ 8 ಸೆಕೆಂಡ್‌ಗೆ. ಕ್ವೆರಿ ಕಾಲಂನಲ್ಲಿ ಇದ್ದದ್ದು ಖರೀದಿದಾರರ ಮೊಬೈಲ್ ನಂಬರ್ ತೆಗೆಯುವ ಒಂದು ಚಿಕ್ಕ ಸೆಲೆಕ್ಟ್.

ಸಾಫ್ಟ್‌ವೇರ್ ಬರೆದವರಿಗೆ ಇದನ್ನು ಹೇಳಿದಾಗ ಅವರು, ಬರೀ ಸೆಲೆಕ್ಟ್ ಲಾಕ್ ಹಿಡಿಯುವುದಿಲ್ಲ, ಇದು ಡೇಟಾಬೇಸ್‌ನದೇ ತೊಂದರೆ ಅಂದರು. ಮೊದಲರ್ಧ ನಿಜ. ಆದರೆ ಆ ಕಾಲಂ ತೋರಿಸುವುದು ಈಗ ಓಡುತ್ತಿರುವ ಕ್ವೆರಿಯನ್ನು, ಸೆಷನ್ ಸುಮ್ಮನಿದ್ದರೆ ಕೊನೆಯ ಕ್ವೆರಿಯನ್ನು. ಲಾಕ್ ಹಿಡಿದದ್ದು ಅದಕ್ಕಿಂತ ಮೊದಲು, ಅದೇ ಟ್ರಾನ್ಸಾಕ್ಷನ್‌ನಲ್ಲಿ ಬಂದು ಹೋದ ಬೇರೆ ಕ್ವೆರಿ. ಟ್ರಾನ್ಸಾಕ್ಷನ್ ಮುಗಿಯುವವರೆಗೆ ಲಾಕ್ ಬಿಡುವುದಿಲ್ಲ, ಕ್ವೆರಿ ಮಾತ್ರ ಪರದೆಯಿಂದ ಮರೆಯಾಗುತ್ತದೆ. ಲಾಕ್ ಹುಡುಕುವವರು ಜಾಸ್ತಿ ಎಡವುವುದು ಇಲ್ಲೇ.

ಪುರಾವೆ ಪಿಜಿ_ಲಾಕ್ಸ್‌ನಲ್ಲಿತ್ತು. 4102 ಟೇಬಲ್ ಮಟ್ಟದಲ್ಲಿ ಯಾವ ಯಾವ ಲಾಕ್ ಇಟ್ಟುಕೊಂಡಿದೆ ಅಂತ ತೆಗೆದೆವು. ಸಂಪರ್ಕದ ಟೇಬಲ್ ಮೇಲೆ ಆಕ್ಸೆಸ್ ಶೇರ್, ಅಂದರೆ ಬರೀ ಓದಿದೆ. ಲಾಟ್ ಟೇಬಲ್ ಮತ್ತು ಖಾತೆಯ ಟೇಬಲ್ ಮೇಲೆ ರೋ ಎಕ್ಸ್‌ಕ್ಲೂಸಿವ್, ಅಂದರೆ ಅಲ್ಲಿ ಬರೆಯುವ ಕ್ವೆರಿ ಓಡಿದೆ. ಕ್ವೆರಿಯ ಅಕ್ಷರ ಸಿಗದಿದ್ದರೂ ಅದು ಮುಟ್ಟಿದ ಟೇಬಲ್‌ಗಳ ಜಾಡು ಸಿಕ್ಕಿತು. ಖಾತೆ ತಿದ್ದಿ, ಲಾಟ್ ತಿದ್ದಿ, ಆಮೇಲೆ ಮೊಬೈಲ್ ನಂಬರ್ ಓದುವ ಪರದೆ ಸಾಫ್ಟ್‌ವೇರ್‌ನಲ್ಲಿ ಒಂದೇ ಇದೆ: ತೂಕದ ತಿದ್ದುಪಡಿ ಪರದೆ.

ಹಾಗಂತ ಕೊನೆಯ ಕ್ವೆರಿ ವ್ಯರ್ಥವಲ್ಲ. ಟ್ರಾನ್ಸಾಕ್ಷನ್ ಎಲ್ಲಿಗೆ ಬಂದು ನಿಂತಿತು ಅಂತ ಹೇಳುವುದು ಅದೇ. ಮೊಬೈಲ್ ನಂಬರ್ ಓದಿದ ಮೇಲೆ ಪ್ರೋಗ್ರಾಂ ಏನು ಮಾಡುತ್ತದೆ? ಖರೀದಿದಾರರಿಗೆ 'ನಿಮ್ಮ ಬಿಲ್ ತಿದ್ದಲಾಗಿದೆ' ಅಂತ ಎಸ್‌ಎಂಎಸ್ ಕಳಿಸುತ್ತದೆ. ಕೋಡ್ ತೆರೆದು ನೋಡಿದಾಗ ಎಸ್‌ಎಂಎಸ್ ಸೇವೆಯನ್ನು ಕರೆಯುವುದು ಕಮಿಟ್‌ಗೆ, ಅಂದರೆ ಟ್ರಾನ್ಸಾಕ್ಷನ್ ಪಕ್ಕಾ ಮಾಡಿ ಮುಗಿಸುವುದಕ್ಕೆ, ಮೊದಲೇ ಇತ್ತು. ಅದಕ್ಕೆ ಟೈಮ್‌ಔಟ್, ಅಂದರೆ ಇಷ್ಟು ಹೊತ್ತು ಮಾತ್ರ ಕಾಯಬೇಕು ಅನ್ನುವ ಮಿತಿ, ಹಾಕಿರಲಿಲ್ಲ. ಆ ಕಡೆಯಿಂದ ಉತ್ತರ ಬರದಿದ್ದರೆ ಈ ಕಡೆ ಖಾತೆಯ ಸಾಲು ಹಿಡಿದುಕೊಂಡೇ ಕಾಯುತ್ತಾ ಇರುತ್ತದೆ.

ಮಾರ್ಕೆಟ್ ದಿನವೇ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಎಸ್‌ಎಂಎಸ್ ಬೇರೆ ದಿನಗಳಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಆದರೆ ಬುಧವಾರ ಆ ಖರೀದಿದಾರರ ಸಾಲು ಇನ್ಯಾರಿಗೂ ಬೇಕಾಗುತ್ತಿರಲಿಲ್ಲ. ಸೋಮವಾರ ಎಲ್ಲರಿಗೂ ಬೇಕು.

ಆ ಯೂಸರ್ ಯಾರು?

ಈ ಪ್ರಕರಣದಲ್ಲಿ ನಮ್ಮನ್ನು ಜಾಸ್ತಿ ಹೊತ್ತು ಹಿಡಿದದ್ದು ಇದು. ಯೂಸರ್ ಕಾಲಂನಲ್ಲಿ 4102ಕ್ಕೂ ಕಾಯುತ್ತಿದ್ದ ಹದಿನೆಂಟಕ್ಕೂ ಒಂದೇ ಹೆಸರು, ಅಪ್ಲಿಕೇಶನ್‌ನ ಡೇಟಾಬೇಸ್ ಲಾಗಿನ್. ವಿಳಾಸವೂ ಒಂದೇ, ಅಪ್ಲಿಕೇಶನ್ ಸರ್ವರ್‌ನದು. ಅಪ್ಲಿಕೇಶನ್ ಹೆಸರಿನ ಕಾಲಂ ಖಾಲಿ. ಪೂಲ್ ಮೂಲಕ ಬರುವ ಬಹಳಷ್ಟು ಸಾಫ್ಟ್‌ವೇರ್‌ನಲ್ಲಿ ಹೀಗೇ. ಡೇಟಾಬೇಸ್‌ಗೆ ಗೊತ್ತಿರುವ ಯೂಸರ್ ಬೇರೆ, ಕೌಂಟರ್‌ನಲ್ಲಿ ಕೂತ ಮನುಷ್ಯರು ಬೇರೆ.

ಉಳಿದಿದ್ದ ದಾರಿ ಕ್ಲೈಂಟ್ ಪೋರ್ಟ್, ಅಂದರೆ ಆ ಕನೆಕ್ಷನ್‌ಗೆ ಅಪ್ಲಿಕೇಶನ್ ಸರ್ವರ್ ಕಡೆ ಇರುವ ನಂಬರ್. ಆಕ್ಟಿವಿಟಿ ವ್ಯೂನಲ್ಲಿ ಪ್ರತಿ ಸೆಷನ್‌ನ ಪೋರ್ಟ್ ನಂಬರ್ ಇರುತ್ತದೆ. ಅಪ್ಲಿಕೇಶನ್ ಸರ್ವರ್‌ಗೆ ಹೋಗಿ ಎಸ್‌ಎಸ್ ಕಮಾಂಡ್ ಕೊಟ್ಟರೆ ಆ ಪೋರ್ಟ್ ಯಾವ ಪ್ರೊಸೆಸ್‌ನದು ಅಂತ ಬರುತ್ತದೆ. ಆ ಪ್ರೊಸೆಸ್‌ನ ಲಾಗ್ ತೆರೆದು 12:17:08ರ ಆಸುಪಾಸು ನೋಡಿದೆವು. ಆ ಕ್ಷಣಕ್ಕೆ ಮೂರು ರಿಕ್ವೆಸ್ಟ್‌ಗಳು ಬಂದಿದ್ದವು. ಎರಡಕ್ಕೆ 'ಶುರು', 'ಮುಗಿತು' ಎರಡೂ ಸಾಲು ಇದ್ದವು. ಮೂರನೆಯದಕ್ಕೆ 'ಶುರು' ಮಾತ್ರ. ಅದರ ಎದುರಿಗೆ ತಿದ್ದುಪಡಿ ಪರದೆಯ ಹೆಸರು, ಒಂದು ಲಾಗಿನ್ ಕೋಡ್. 4417ರ ಜಾಡು ಹಿಡಿದರೆ ಅಲ್ಲೂ ಅದೇ ಲಾಗಿನ್ ಕೋಡ್!

ಆ ಲಾಗಿನ್ ಇದ್ದವರು ತಿದ್ದುಪಡಿ ಕೌಂಟರ್‌ನ ಹಿರಿಯ ಹೆಣ್ಣುಮಗಳು. ಫೋನ್ ಮಾಡಿ, "ಅಕ್ಕಾರ, ಹನ್ನೆರಡೂ ಕಾಲಿಗೆ ಯಾವುದರೆ ತಿದ್ದುಪಡಿ ಮಾಡೀರೇನ್ರಿ?" ಅಂತ ಕೇಳಿದೆ. "ಹೌದ್ರಿ ಸರ. ಸೇವ್ ಒತ್ತಿದೆ, ತಿರಗಾಕತ್ತಿತು. ಬಂದ್ ಮಾಡಿ ಮತ್ತ ತಗದು ಒತ್ತಿದೆ. ಆಗೂ ಹಂಗ ತಿರಗಿತು" ಅಂದರು. ಮೊದಲ ಸಲ ಒತ್ತಿದ್ದು 4102, ಎರಡನೇ ಸಲದ್ದು 4417. ಬ್ರೌಸರ್‌ನಲ್ಲಿ ಪರದೆ ಮುಚ್ಚಿದರೂ ಸರ್ವರ್‌ನಲ್ಲಿ ಆ ರಿಕ್ವೆಸ್ಟ್ ಬದುಕೇ ಇತ್ತು. ತಮ್ಮ ಹಿಂದೆ ತಾವೇ ಸರದಿಯಲ್ಲಿ ನಿಂತಿದ್ದರು, ಅವರ ಹಿಂದೆ ಮಾರ್ಕೆಟ್ಟೇ ನಿಂತಿತ್ತು.

ಬಿಡಿಸಿದ ರೀತಿ

ಮೊದಲು ಆಕ್ಟಿವಿಟಿ ಮತ್ತು ಲಾಕ್ಸ್ ಎರಡು ವ್ಯೂಗಳನ್ನೂ, ತಡೆದವರ ಪಿಐಡಿ ಸಮೇತ, ಒಂದು ಟೇಬಲ್‌ಗೆ ನಕಲು ಮಾಡಿಟ್ಟೆವು. ಸೆಷನ್ ಕೊಂದ ಮೇಲೆ ಇವು ಮತ್ತೆ ಸಿಗುವುದಿಲ್ಲ.

ಆಮೇಲೆ 4417. ಅದು ಒಂದು ಅಪ್‌ಡೇಟ್ ಮಧ್ಯದಲ್ಲಿ ಕಾಯುತ್ತಿತ್ತು. ಹಾಗಾಗಿ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಸಾಕಾಯಿತು, ಓಡುತ್ತಿರುವ ಕ್ವೆರಿಯನ್ನು ಅದು ರದ್ದು ಮಾಡುತ್ತದೆ. ಇದನ್ನು ಮೊದಲು ಮಾಡಿದ್ದಕ್ಕೆ ಕಾರಣ ಇದೆ. 4102 ಹೋದ ಕೂಡಲೇ ಸರದಿ 4417ರದು. ಅದೂ ಎಸ್‌ಎಂಎಸ್ ಹತ್ತಿರ ಹೋಗಿ ಅಲ್ಲೇ ನಿಂತರೆ ಮತ್ತೆ ಅದೇ ಪಾಡು. 4102ಕ್ಕೆ ಕ್ಯಾನ್ಸಲ್ ನಾಟುವುದಿಲ್ಲ. ಅದು ಯಾವ ಕ್ವೆರಿಯನ್ನೂ ಓಡಿಸುತ್ತಿಲ್ಲವಲ್ಲ, ರದ್ದು ಮಾಡಲಿಕ್ಕೆ ಏನೂ ಇಲ್ಲ. ಅದಕ್ಕೆ ಬೇಕಾದದ್ದು ಪಿಜಿ_ಟರ್ಮಿನೇಟ್_ಬ್ಯಾಕೆಂಡ್, ಅಂದರೆ ಕನೆಕ್ಷನ್ನೇ ಕತ್ತರಿಸುವುದು. ಕತ್ತರಿಸಿದಾಗ ಅರ್ಧ ಆಗಿದ್ದ ತಿದ್ದುಪಡಿ ಹಿಂದಕ್ಕೆ ಹೋಯಿತು, ಲಾಕ್ ಬಿಟ್ಟಿತು. ಕಾಯುತ್ತಿದ್ದ ಪಟ್ಟಿಗಳೆಲ್ಲ ಒಂದರ ಹಿಂದೆ ಒಂದು ಮುಗಿದವು. ಫೋನ್‌ನಲ್ಲಿ ಪ್ರಿಂಟರ್ ಸದ್ದು ಕೇಳಿಸಿತು.

ತಿದ್ದುಪಡಿ ಪರದೆಯ ಎಸ್‌ಎಂಎಸ್ ಅನ್ನು ಸೆಟ್ಟಿಂಗ್‌ನಿಂದ ಬಂದ್ ಮಾಡಿಸಿ, ಆ ಅಕ್ಕಾವ್ರಿಗೆ ಇನ್ನೊಮ್ಮೆ ತಿದ್ದಲು ಹೇಳಿದೆವು. ಎರಡು ಪ್ರಯತ್ನವೂ ರದ್ದಾಗಿದ್ದರಿಂದ ಖಾತೆಯಲ್ಲಿ ತಿದ್ದುಪಡಿ ಒಂದೇ ಸಲ ಕೂತಿತು. ದಿವಾನಜಿಯವರು ತಾಳೆ ನೋಡಿ ಹೂಂ ಅಂದರು.

ಮುಂದೆ ಹೀಗಾಗದಂತೆ

ಕೋಡ್‌ನಲ್ಲಿ ಬದಲಾದದ್ದು ಎರಡು. ಎಸ್‌ಎಂಎಸ್ ಈಗ ಟ್ರಾನ್ಸಾಕ್ಷನ್ ಒಳಗೆ ಹೋಗುವುದಿಲ್ಲ. ಕಳಿಸಬೇಕಾದ ಸಂದೇಶವನ್ನು ಒಂದು ಟೇಬಲ್‌ನಲ್ಲಿ ಬರೆದು ಕಮಿಟ್ ಆಗುತ್ತದೆ, ಬೇರೆ ಪ್ರೊಸೆಸ್ ಅದನ್ನು ತೆಗೆದುಕೊಂಡು ಟೈಮ್‌ಔಟ್ ಇಟ್ಟು ಕಳಿಸುತ್ತದೆ. ಖಾತೆಯ ಬಾಕಿ ಕೂಡುವ ಅಪ್‌ಡೇಟ್ ಟ್ರಾನ್ಸಾಕ್ಷನ್‌ನ ಕೊನೆಗೆ ಹೋಯಿತು. ಎಲ್ಲರಿಗೂ ಬೇಕಾದ ಸಾಲನ್ನು ಕೊನೆಗೆ ಮುಟ್ಟಿ ಬೇಗ ಬಿಡಬೇಕು, ಅಲ್ವಾ?

ಡೇಟಾಬೇಸ್ ಕಡೆ, ಅಪ್ಲಿಕೇಶನ್ ರೋಲ್‌ಗೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಒಂದು ನಿಮಿಷ, ಲಾಕ್_ಟೈಮ್‌ಔಟ್ ಹತ್ತು ಸೆಕೆಂಡ್ ಇಟ್ಟೆವು. ಪೋಸ್ಟ್‌ಗ್ರೆಸ್‌ನಲ್ಲಿ ಇವೆರಡೂ ತಾನಾಗಿ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಇನೋಡಿಬಿ ಹಾಗಲ್ಲ. ಬದಲಾಯಿಸದಿದ್ದರೆ ಸಾಲಿನ ಲಾಕ್‌ಗೆ 50 ಸೆಕೆಂಡ್ ಕಾದು ಎರರ್ ಕೊಡುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ ತಿರುಗುವ ಚಕ್ರಕ್ಕಿಂತ 'ಈ ಖಾತೆ ಬೇರೆ ಕಡೆ ತೆರೆದಿದೆ' ಅನ್ನುವ ಸಾಲು ಎಷ್ಟೋ ವಾಸಿ.

ಲಾಗ್_ಲಾಕ್_ವೇಟ್ಸ್ ಅನ್ನುವ ಸೆಟ್ಟಿಂಗ್ ಆನ್ ಮಾಡಿದೆವು. ಡೆಡ್‌ಲಾಕ್_ಟೈಮ್‌ಔಟ್‌ಗಿಂತ, ಅಂದರೆ ಬದಲಾಯಿಸದಿದ್ದರೆ ಒಂದು ಸೆಕೆಂಡ್‌ಗಿಂತ, ಜಾಸ್ತಿ ಕಾದವರ ಬಗ್ಗೆ ಲಾಗ್‌ನಲ್ಲಿ ಸಾಲು ಬೀಳುತ್ತದೆ. ಕಾಯುವವನ ಕ್ವೆರಿ, ಹಿಡಿದವನ ಪಿಐಡಿ, ಸರದಿಯಲ್ಲಿರುವವರು ಎಲ್ಲ ಅಲ್ಲಿರುತ್ತವೆ. ಹಿಡಿದವನ ಕ್ವೆರಿ ಇರುವುದಿಲ್ಲ. ಅದಕ್ಕಾಗಿ ಲಾಗ್‌ನ ಪ್ರತಿ ಸಾಲಿನ ಮುಂದೆ ಪಿಐಡಿ, ಯೂಸರ್, ಅಪ್ಲಿಕೇಶನ್ ಹೆಸರು ಬರುವ ಹಾಗೆ ಮಾಡಿ, ಬರೆಯುವ ಕ್ವೆರಿಗಳನ್ನೆಲ್ಲ ಲಾಗ್ ಮಾಡಲು ಹೇಳಿದೆವು. ಪಿಐಡಿ ಹಿಡಿದು ಹಿಂದಕ್ಕೆ ಹೋದರೆ ಲಾಕ್ ಹಿಡಿದ ಕ್ವೆರಿ ಸಿಗುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಹೆಸರಿನ ಕೆಲಸ. ಈಗ ಪ್ರತಿ ಟ್ರಾನ್ಸಾಕ್ಷನ್‌ನ ಮೊದಲ ಸಾಲಿನಲ್ಲಿ ಅಪ್ಲಿಕೇಶನ್ ಹೆಸರನ್ನು ಸೆಟ್ ಲೋಕಲ್ ಮೂಲಕ ಬರೆಯುತ್ತೇವೆ: ಅಂಗಡಿ, ಪರದೆ, ಲಾಗಿನ್ ಕೋಡ್. ಲೋಕಲ್ ಅನ್ನುವುದನ್ನು ಬಿಡುವ ಹಾಗಿಲ್ಲ. ಬರೀ ಸೆಟ್ ಮಾಡಿದರೆ ಕನೆಕ್ಷನ್ ಪೂಲ್‌ಗೆ ವಾಪಸ್ ಹೋದ ಮೇಲೂ ಹೆಸರು ಅಂಟಿಕೊಂಡಿರುತ್ತದೆ. ಮುಂದಿನವರ ಕೆಲಸ ಹಿಂದಿನವರ ಹೆಸರಿನಲ್ಲಿ ಕಾಣುತ್ತದೆ, ತಪ್ಪು ಮಾಡದವರ ಮೇಲೆ ಮಾತು ಬರುತ್ತದೆ. ಈ ಹೆಸರಿಗೆ ಕನ್ನಡ ಅಕ್ಷರ ಒಪ್ಪುವುದಿಲ್ಲ, 14ರಲ್ಲಿ ಅವು ಪ್ರಶ್ನೆ ಚಿಹ್ನೆಗಳಾಗುತ್ತವೆ. ಉದ್ದವೂ 63 ಅಕ್ಷರ ಮೀರಬಾರದು. ಹೀಗಾಗಿ ಚಿಕ್ಕ ಕೋಡ್‌ಗಳನ್ನೇ ಇಟ್ಟುಕೊಂಡೆವು. ಆಡಿಟರ್ ರಿಪೋರ್ಟ್‌ಗೆ ಒಂದು ರೋಲ್, ನಮ್ಮ ತಂಡದ ಒಬ್ಬೊಬ್ಬರಿಗೂ ಒಂದೊಂದು ಲಾಗಿನ್ ಆಯಿತು. ಮನುಷ್ಯರು ಅಪ್ಲಿಕೇಶನ್ ಲಾಗಿನ್‌ನಿಂದ ಒಳಗೆ ಬರುವುದು ನಿಂತಿತು.

ಅದಾದ ಮೇಲಿನ ಮಾರ್ಕೆಟ್ ದಿನಗಳಲ್ಲಿ ಲಾಗ್‌ನಲ್ಲಿ ಕಾಯುವ ಸಾಲುಗಳು ಈಗಲೂ ಬೀಳುತ್ತವೆ. ದೊಡ್ಡ ಖರೀದಿದಾರರ ಸಾಲಿಗೆ ಎಲ್ಲರೂ ಬರಲೇಬೇಕಲ್ಲ. ಬೇಗ ಬಿಡುಗಡೆಯಾಗುತ್ತವೆ, ಎದುರಿಗೆ ಪರದೆಯ ಹೆಸರೂ ಇರುತ್ತದೆ.

ಮಾಲೀಕರು ಒಂದು ಬೇಡಿಕೆ ಇಟ್ಟರು. ಯಾರು ಲಾಕ್ ಮಾಡಿದ್ದಾರೆ ಅಂತ ಹೆಸರು ಸಮೇತ ತಮ್ಮ ಪರದೆಯಲ್ಲಿ ಕಾಣಬೇಕು ಅಂತ. ನಾವು ಅಂಗಡಿ ಮತ್ತು ಪರದೆಯ ಹೆಸರು ಮಾತ್ರ ತೋರಿಸಿದೆವು. ಲಾಗಿನ್ ಕೋಡ್ ನಮ್ಮ ಲಾಗ್‌ನಲ್ಲಿ ಉಳಿಯಿತು. ಅಂದು ಸಿಕ್ಕ ಕೋಡ್ ಆ ಅಕ್ಕಾವ್ರದು. ಅಂಗಡಿಯಲ್ಲಿ ಅತಿ ಹೆಚ್ಚು ತಿದ್ದುಪಡಿ ಮಾಡುವವರು ಅವರೇ, ಯಾಕಂದರೆ ತೂಕದ ತಕರಾರು ಬಂದರೆ ಎಲ್ಲರೂ ನಂಬಿ ಕೊಡುವುದು ಅವರ ಕೈಗೆ. ಸಾಫ್ಟ್‌ವೇರ್ ಸೇವ್ ಒತ್ತು ಅಂದಿತು, ಅವರು ಒತ್ತಿದರು. ಇದನ್ನು ಮಾಲೀಕರಿಗೆ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ವಾದ ಮಾಡಿ, "ಆತು ಬಿಡ್ರಿ, ಪರದೆ ಹೆಸರ ಸಾಕು" ಅಂದರು.